ದಡದಿಂದ ಡ್ರೋನ್‌ಗೆ ಕಟ್ಟಿ ಗಾಳ ಬಿಡುವುದು: ಯಾವ ಡ್ರೋನ್, ಎಷ್ಟು ಭಾರ, ಎಂಥ ಗಾಳಿಗೆ?

ಮರವಂತೆ_ಮರಳು
ಕುಂದಾಪುರ–ಬೈಂದೂರು ಕಡೆಯ ಮರಳು ದಡಕ್ಕೆ ಒಂದು ಡ್ರೋನ್ ನೋಡ್ತಾ ಇದ್ದೇನೆ. ಕೆಲಸ ಒಂದೇ: ಗಾಳ, ಸೀಸ, ಬಂಗುಡೆ ತುಂಡು ಹೊತ್ತು 300 ಮೀಟರ್ ಆಚೆ ಬಿಟ್ಟು ವಾಪಸ್ ಬರಬೇಕು. ಕೈಯಲ್ಲಿ ಬೀಸಿದರೆ 13 ಅಡಿ ಕೋಲಿನಲ್ಲೂ ದೊಡ್ಡ ತುಂಡು ಕಟ್ಟಿದಾಗ 60-70 ಮೀಟರ್ ದಾಟುವುದು ಕಷ್ಟ. ಜೋರು ಬೀಸಿದರೆ ಮೀನಿನ ತುಂಡು ಒಂದು ಕಡೆ, ಸೀಸ ಇನ್ನೊಂದು ಕಡೆ.

ಕೇಳಬೇಕಾದ್ದು ಇಷ್ಟು. ಎಷ್ಟು ಭಾರ ಎತ್ತುವ ಡ್ರೋನ್ ಸಾಕು? ಬಿಡುವ ಕ್ಲಿಪ್ ಯಾವ ಥರದ್ದು ಒಳ್ಳೆಯದು? ಆಕ್ಲೆಂಡಿನಿಂದ ಡಿಸೆಂಬರಿಗೆ ನೆಂಟರು ಬರ್ತಾರೆ, ಅಲ್ಲಿ ಮೀನಿಗೆಂದೇ ಮಾಡಿದ ವಾಟರ್‌ಪ್ರೂಫ್ ಡ್ರೋನ್ ಸಿಗ್ತದಂತೆ. ಅವರ ಹತ್ತಿರ ತರಿಸಬಹುದಾ?

ನಕ್ಷೆ_ನೋಡಿ
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ. 2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧ ಇದೆ. ಪೂರ್ತಿ ಜೋಡಿಸಿದ್ದಾಗಲಿ, ಬಿಡಿಬಿಡಿ ಮಾಡಿ ತಂದ ಪೂರ್ತಿ ಕಿಟ್ ಆಗಲಿ, ಎರಡೂ ಸೇರಿ. ವಿನಾಯಿತಿ ಇರುವುದು ಸಂಶೋಧನೆ, ರಕ್ಷಣೆ, ಭದ್ರತೆಗೆ, ಅದಕ್ಕೂ ಅನುಮತಿ ಬೇಕು. ಬಿಡಿ ಭಾಗಗಳಿಗೆ ಆ ನಿಷೇಧ ಇಲ್ಲ. ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ನೆಂಟರನ್ನು ನಿಲ್ಲಿಸಿಬಿಡಬೇಡಿ.

ಮರವಂತೆ_ಮರಳು
ಹಾಗಾದ್ರೆ ಇಲ್ಲೇ ಜೋಡಿಸಬೇಕು ಅಂತಾಯ್ತು. ಸರಿ, ಭಾರದ ಲೆಕ್ಕ ಹೇಳಿ.

ತಕ್ಕಡಿ
ಎಲ್ಲರೂ ಮೊದಲು ಕೇಳುವುದು "ಎಷ್ಟು ಎತ್ತುತ್ತದೆ" ಅಂತ. ಸೀಸ 120-150 ಗ್ರಾಂ, ಮೀನಿನ ತುಂಡು 80-100, ಗಾಳ, ಸ್ವಿವೆಲ್ (ದಾರ ಹುರಿಯಾಗದಂತೆ ತಿರುಗುವ ಕೊಂಡಿ), ತುದಿಯ ದಪ್ಪ ನೈಲಾನ್ ಸೇರಿ 30. ಒಟ್ಟು 300 ಗ್ರಾಂ ಒಳಗೆ ಮುಗೀತದೆ. ಆದರೆ ಡ್ರೋನನ್ನು ನೀರಿಗೆ ಎಳೆಯುವುದು ಈ 300 ಗ್ರಾಂ ಅಲ್ಲ, ಹಿಂದೆ ಬರುವ ದಾರ.

ದಾರದ ತೂಕ ಏನೂ ಅಲ್ಲ. ಪಿಇ 4 ಬ್ರೇಡ್ (ಪಾಲಿಎಥಿಲೀನ್ ಎಳೆ ಹೆಣೆದ ದಾರ, 4 ಅದರ ದಪ್ಪದ ಅಳತೆ) 300 ಮೀಟರಿಗೆ 27 ಗ್ರಾಂ ಬರ್ತದೆ, 0.50 ಮಿ.ಮೀ. ನೈಲಾನ್ ಆದರೆ ಸುಮಾರು 67. ಗಾಳಿ ಹಿಡಿದಾಗ ಲೆಕ್ಕವೇ ಬೇರೆ. ಪಿಇ 4ರ ದಪ್ಪ ಸುಮಾರು 0.33 ಮಿ.ಮೀ. 300 ಮೀಟರ್ ಉದ್ದಕ್ಕೆ ಗುಣಿಸಿ: 0.1 ಚದರ ಮೀಟರ್. ಅಂದರೆ ಒಂದಡಿ ಚೌಕದ ಹಲಗೆಯನ್ನು ಗಾಳಿಗೆ ಅಡ್ಡ ಹಿಡಿದ ಹಾಗೆ. ಅಡ್ಡಗಾಳಿ ಸೆಕೆಂಡಿಗೆ 8 ಮೀಟರ್, ಅಂದರೆ ಗಂಟೆಗೆ 29 ಕಿ.ಮೀ. ಇದ್ದರೆ ಈ ದಾರದ ಮೇಲೆ ಬೀಳುವ ಒತ್ತು 400 ಗ್ರಾಂ ದಾಟ್ತದೆ. ಗಾಳಿ ಅರ್ಧಕ್ಕೆ ಇಳಿದರೆ ಒತ್ತು ಕಾಲು ಭಾಗ, ಸುಮಾರು 100 ಗ್ರಾಂ.

ಇಷ್ಟೇ ಅಲ್ಲ. ದಾರವನ್ನು ಬಿಗಿ ಹಿಡಿದಷ್ಟೂ ಎಳೆತ ಏರ್ತದೆ. ಅದೇ 8 ಮೀಟರ್ ಗಾಳಿಗೆ ದಾರ ಮಧ್ಯದಲ್ಲಿ 35-40 ಮೀಟರ್ ಬಾಗಲು ಬಿಟ್ಟರೆ ಎಳೆತ ಅರ್ಧ ಕೆಜಿ ಹತ್ತಿರ. ಅರ್ಧದಷ್ಟೇ ಬಾಗಲು ಬಿಟ್ಟರೆ ಹತ್ತಿರ ಹತ್ತಿರ ಒಂದು ಕೆಜಿ. ಹಾಗಂತ ತೀರಾ ಸಡಿಲ ಬಿಟ್ಟರೆ ದಾರ ಅಲೆಯ ಮೇಲೆ ಬೀಳ್ತದೆ.

ಪಡುಗಾಳಿ
ಅಲೆಗೆ ಬಿದ್ದರೆ ಮುಗೀತು. ಒಡೆಯುವ ಅಲೆ ದಾರವನ್ನು ಹಿಡಿದು ದಡಕ್ಕೆ ಎಳೆಯುವ ಜೋರಿಗೆ ಯಾವ ಸಣ್ಣ ಡ್ರೋನೂ ನಿಲ್ಲುವುದಿಲ್ಲ. ದಡದಿಂದ ಹೋದ ಡ್ರೋನ್‌ಗಳಲ್ಲಿ ಹೆಚ್ಚಿನವು ಹೀಗೇ ಹೋಗುವುದು, ಬ್ಯಾಟರಿ ಮುಗಿದು ಅಲ್ಲ.

ಬೆಸುಗೆ
ತಕ್ಕಡಿಯವರ ಲೆಕ್ಕ ಸರಿ ಇದೆ. ಅದಕ್ಕೇ ಡ್ರೋನ್ ಆರಿಸುವಾಗ "300 ಗ್ರಾಂ ಎತ್ತುತ್ತದಾ" ಅಂತ ಕೇಳಬೇಡಿ. 300 ಗ್ರಾಂ ಹೊತ್ತ ಮೇಲೆ ಇನ್ನೂ ಒಂದು ಕೆಜಿ ಎಳೆಯುವ ಶಕ್ತಿ ಉಳಿದಿದೆಯಾ ಅಂತ ಕೇಳಿ.

ಉದಾಹರಣೆಗೆ 450 ಮಿ.ಮೀ. ಫ್ರೇಮ್, 920 ಕೆವಿ ಮೋಟರ್ (ಒಂದು ವೋಲ್ಟಿಗೆ ನಿಮಿಷಕ್ಕೆ 920 ಸುತ್ತು), 10 ಇಂಚಿನ ರೆಕ್ಕೆ, 4 ಸೆಲ್ ಬ್ಯಾಟರಿ. ಒಂದು ಮೋಟರ್ ಪೂರ್ತಿ ತಿರುಗಿದರೆ 800-850 ಗ್ರಾಂ ನೂಕುಬಲ, ನಾಲ್ಕಕ್ಕೆ 3.3 ಕೆಜಿ. ನೂಕುಬಲ ತೂಕದ ಎರಡರಷ್ಟಿರಬೇಕು ಎಂಬ ಲೆಕ್ಕಕ್ಕೆ ಒಟ್ಟು ತೂಕ 1.65 ಕೆಜಿ ಮೀರಬಾರದು. ಡ್ರೋನ್ ಬ್ಯಾಟರಿ ಸಮೇತ 1.3 ಕೆಜಿ ತೂಗಿದರೆ ಉಳಿಯುವುದು 350 ಗ್ರಾಂ. ಶಾಂತ ಬೆಳಗ್ಗೆಗೆ ಸಾಕು, ಪಡುವಣ ಗಾಳಿ ಎದ್ದ ಮೇಲೆ ಸಾಲದು.

ಮನೆಯಲ್ಲೇ ಪರೀಕ್ಷೆ ಮಾಡುವ ಕ್ರಮ: ಪ್ಲಾಸ್ಟಿಕ್ ಬಾಟಲಿಗೆ 300 ಮಿ.ಲೀ. ನೀರು ತುಂಬಿಸಿ, ಅದೇ 300 ಗ್ರಾಂ. ಎರಡು ಮೀಟರ್ ನೂಲಿನಲ್ಲಿ ಕಟ್ಟಿ, ಬಯಲಿನಲ್ಲಿ 3 ನಿಮಿಷ ನಿಲ್ಲಿಸಿ. ಥ್ರಾಟಲ್, ಅಂದರೆ ಮೋಟರಿಗೆ ಕೊಡುವ ಶಕ್ತಿ, 60 ಶೇಕಡಾ ಒಳಗೆ ನಿಂತರೆ ಒಳ್ಳೆಯದು. 70 ದಾಟಿದರೆ ಆ ಡ್ರೋನ್ ಈ ಕೆಲಸಕ್ಕೆ ಅಲ್ಲ. ಇಳಿಸಿದ ತಕ್ಷಣ ಮೋಟರ್ ಮುಟ್ಟಿ ನೋಡಿ, ಬೆರಳು ಇಡಲಾರದಷ್ಟು ಬಿಸಿ ಇದ್ದರೆ ರೆಕ್ಕೆ ದೊಡ್ಡದಾಯಿತು ಅಥವಾ ಭಾರ ಜಾಸ್ತಿ ಆಯಿತು.

ನಕ್ಷೆ_ನೋಡಿ
ಇಲ್ಲಿ ಒಂದು ಮಾತು ಸೇರಿಸಬೇಕು. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗೆ ನ್ಯಾನೋ, ಅಲ್ಲಿಂದ 2 ಕೆಜಿವರೆಗೆ ಮೈಕ್ರೋ, 2ರಿಂದ 25 ಕೆಜಿವರೆಗೆ ಸ್ಮಾಲ್. ಇದು ಖಾಲಿ ಡ್ರೋನಿನ ತೂಕ ಅಲ್ಲ, ಹೊತ್ತ ಹೊರೆಯೂ ಸೇರಿ. 1.8 ಕೆಜಿ ಡ್ರೋನ್‌ಗೆ 300 ಗ್ರಾಂ ಕಟ್ಟಿದ ಕ್ಷಣ ಅದು ಸ್ಮಾಲ್ ಆಯಿತು. ಸ್ಮಾಲ್ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕೇಬೇಕು. ಮೈಕ್ರೋ ಆದರೆ, ವ್ಯಾಪಾರಕ್ಕಲ್ಲದ ಬಳಕೆಗೆ ಬೇಡ. ನೋಂದಣಿ ಸಂಖ್ಯೆ, ಅಂದರೆ ಯುಐಎನ್, ಎಲ್ಲದಕ್ಕೂ ಬೇಕು, ನ್ಯಾನೋಗೂ. ಮೀನು ಮಾರುವುದಾದರೆ ಅದು ವ್ಯಾಪಾರದ ಬಳಕೆ ಆಗ್ತದೆ ಅಂತಲೇ ಇಟ್ಟುಕೊಳ್ಳಿ.

ಪಡುಗಾಳಿ
ಸಮುದ್ರದ ಮೇಲೆ 500 ಮೀಟರ್ ಆಚೆ ಹಾರಿಸಬಾರದು ಅಂತ ಒಂದು ನಿಯಮ ಇತ್ತಲ್ಲ?

ನಕ್ಷೆ_ನೋಡಿ
ಅದು 2018ರ ಹಳೆಯದು. ಈಗ ಡ್ರೋನ್ ಹಾರಾಟಕ್ಕೆ ಸರ್ಕಾರ ಕೊಡುವ ನಕ್ಷೆಯ ಬಣ್ಣವೇ ಲೆಕ್ಕ. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8-12 ಕಿ.ಮೀ. ನಡುವೆ ಹಸಿರು 200 ಅಡಿಗೆ ನಿಲ್ತದೆ, ಅದರ ಮೇಲೆ ಹಳದಿ, ಅಲ್ಲಿ ಅನುಮತಿ ಬೇಕು. ಕೆಂಪಿಗೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮಂಗಳೂರು ಬಂದರು, ಬಜ್ಪೆ ವಿಮಾನ ನಿಲ್ದಾಣದ ಸುತ್ತ, ಕಾರವಾರದ ನೌಕಾನೆಲೆ, ಕೈಗಾ ಕಡೆ ನಕ್ಷೆ ತೆರೆಯದೆ ಬ್ಯಾಟರಿಯನ್ನೇ ಹಾಕಬೇಡಿ. ನಕ್ಷೆ ಬದಲಾಗ್ತಾ ಇರ್ತದೆ, ಹೋಗುವ ದಿನವೇ ನೋಡಿ. ಜೊತೆಗೆ ಕರಾವಳಿ ಕಾವಲು ಪೊಲೀಸ್ ಠಾಣೆಗೆ ಒಂದು ಮಾತು ತಿಳಿಸಿಡಿ. ದಡದಲ್ಲಿ ಡ್ರೋನ್ ಕಂಡರೆ ಜನ ಮೊದಲು ಫೋನ್ ಮಾಡುವುದು ಅವರಿಗೇ.

ಆಕ್ಲೆಂಡಿಂದ
ಇಲ್ಲಿ ನ್ಯೂಜಿಲೆಂಡಿನಲ್ಲಿ ಇದು ದಿನನಿತ್ಯದ ಮಾತು, ಅದಕ್ಕೇ ಬರೀತಿದ್ದೇನೆ. ನಿಯಮ ಸರಳ: 120 ಮೀಟರ್ ಎತ್ತರ, ಹಗಲು ಹೊತ್ತು, ಡ್ರೋನ್ ಕಣ್ಣಿಗೆ ಕಾಣ್ತಿರಬೇಕು, ವಿಮಾನ ನಿಲ್ದಾಣದಿಂದ 4 ಕಿ.ಮೀ. ದೂರ. ಒಂದು ದಾರಕ್ಕೆ 25ಕ್ಕಿಂತ ಹೆಚ್ಚು ಗಾಳ ಕಟ್ಟುವ ಹಾಗಿಲ್ಲ.

ಆದರೆ ಡ್ರೋನ್ ಬರುವುದಕ್ಕೆ ಎಷ್ಟೋ ಮೊದಲಿನಿಂದ ಇಲ್ಲಿ ಕೊಂಟಿಕಿ ಇದೆ. ಬ್ಯಾಟರಿ ಮೋಟರಿನ ಉದ್ದ ಕೊಳವೆ, ನೀರಿನ ಮೇಲೆ ತಾನೇ ಈಜಿ ಒಂದು-ಒಂದೂವರೆ ಕಿ.ಮೀ. ದಾರ ಎಳೆದುಕೊಂಡು ಹೋಗ್ತದೆ. ಡ್ರೋನ್ ಎತ್ತಲಾಗದ ಗಾಳಿಯಲ್ಲೂ ಹೋಗ್ತದೆ. ತುಂಬ ಗಾಳ ಬಿಡುವವರಿಗೆ ಇಂದಿಗೂ ಅದೇ. ಒಂದೆರಡು ಗಾಳ, ಹೇಳಿದ ಜಾಗಕ್ಕೇ ಬೀಳಬೇಕು ಅನ್ನುವವರಿಗೆ ಡ್ರೋನ್.

ಎಲ್ಲ ದೇಶದಲ್ಲೂ ಹೀಗಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಈ ಆಟ ಜೋರಾಗಿ ಬೆಳೆದಿತ್ತು, ಕ್ಲಿಪ್ ಮಾಡುವ ಕಂಪನಿಗಳೂ ಅಲ್ಲಿಯವೇ. 2022ರಲ್ಲಿ ಅಲ್ಲಿನ ಸರ್ಕಾರ ಡ್ರೋನ್, ರಿಮೋಟ್ ದೋಣಿ ಬಳಸಿ ಗಾಳ ಹಾಕುವುದು ಕಾನೂನುಬಾಹಿರ ಅಂತ ಪ್ರಕಟಣೆ ಹೊರಡಿಸಿತು, ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಕೈರಂಪಣಿ
ಎತ್ತಿಹಿಡಿದದ್ದು ಸರಿಯೇ ಆಯ್ತು. ಕೋಪದಿಂದ ಹೇಳ್ತಿಲ್ಲ ಮಾರಾಯ್ರೆ, ಆದರೆ ಯಾರೂ ಇದನ್ನು ಬರೆಯುವುದಿಲ್ಲ ಅಂತ ಬರೀತಿದ್ದೇನೆ. ದಡದಿಂದ 300 ಮೀಟರ್ ಅಂದರೆ ಅದು ಖಾಲಿ ಸಮುದ್ರ ಅಲ್ಲ. ಕೈರಂಪಣಿ, ಅಂದರೆ ದಡದಿಂದ ಕೈಯಲ್ಲಿ ಎಳೆಯುವ ದೊಡ್ಡ ಬಲೆ, ಸುತ್ತುವುದು ಅಲ್ಲೇ. ನಾಡದೋಣಿಯವರು ಬೀಡುಬಲೆ ಬಿಡುವುದೂ ಅಲ್ಲೇ. ನೀವು ಬಿಟ್ಟ ಬ್ರೇಡು ಕಣ್ಣಿಗೆ ಕಾಣುವುದಿಲ್ಲ. ಬಲೆಗೆ ಸಿಕ್ಕಿಕೊಂಡರೆ 30-40 ಜನ ಕೈಯಲ್ಲಿ ಎಳೆಯುವ ಹಗ್ಗದ ಜೊತೆ ಗಾಳವೂ ಬರ್ತದೆ, ಚುಚ್ಚುವುದು ಅಂಗೈಗೆ. ಔಟ್‌ಬೋರ್ಡ್ ಎಂಜಿನಿನ ರೆಕ್ಕೆಗೆ ಸುತ್ತಿದರೆ ಬ್ರೇಡು ಒಳಗಿನ ಸೀಲನ್ನೇ ಕೊಯ್ಯುತ್ತದೆ, ಎಣ್ಣೆ ಸೋರಿ ಗೇರು ಹೋಗ್ತದೆ.

ಮರವಂತೆ_ಮರಳು
ಇದು ನನ್ನ ತಲೆಗೆ ಬಂದೇ ಇರಲಿಲ್ಲ ಅಣ್ಣ. ಹಾಗಾದ್ರೆ ಯಾವಾಗ ಬಿಟ್ಟರೆ ತೊಂದರೆ ಇಲ್ಲ?

ಕೈರಂಪಣಿ
ಮಳೆಗಾಲ ಕಳೆದು ಸಮುದ್ರ ಇಳಿದ ಮೇಲೆ ಚಳಿಗಾಲದಲ್ಲಿ ಕೈರಂಪಣಿ ಜೋರು. ಆಗ ಹಿಂದಿನ ಸಂಜೆ ದಡಕ್ಕೆ ಹೋಗಿ ಆ ಜಾಗದ ಗುಂಪಿನವರನ್ನು ಕೇಳಿ, "ನಾಳೆ ಎಲ್ಲಿ ಬಲೆ ಹಾಕ್ತೀರಿ" ಅಂತ. ಹೇಳ್ತಾರೆ. ಅವರ ಜಾಗದಿಂದ ಒಂದು ಕಿ.ಮೀ. ಬಿಟ್ಟು ನಿಲ್ಲಿ. ದೋಣಿ ನಿಮ್ಮ ಕಡೆ ಬರುವುದು ಕಂಡರೆ ಕಾಯಬೇಡಿ, ಸುತ್ತಿ ತೆಗೀರಿ.

ಪಡುಗಾಳಿ
ಡ್ರೋನಿನ ಕ್ಯಾಮೆರಾ ಇಲ್ಲೇ ಪ್ರಯೋಜನಕ್ಕೆ ಬರುವುದು. ಗಾಳ ಕಟ್ಟುವ ಮೊದಲು ಖಾಲಿ ಡ್ರೋನನ್ನು 40 ಮೀಟರ್ ಎತ್ತರದಲ್ಲಿ ಒಮ್ಮೆ ಕಳಿಸಿ. ಬಲೆಯ ಬುರುಡೆ ಸಾಲು, ಥರ್ಮೋಕೋಲ್ ತುಂಡು, ಬಾವುಟ ಎಲ್ಲ ಕಾಣ್ತದೆ. ಆಮೆಯೂ ಕಾಣ್ತದೆ. ಕಡಲಾಮೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಕುಂದಾಪುರ, ಹೊನ್ನಾವರ ದಡಗಳಿಗೆ ಚಳಿಗಾಲದಲ್ಲಿ ಮೊಟ್ಟೆಯಿಡಲು ಬರ್ತದೆ. ಆಮೆ ತಲೆ ಎತ್ತಿದ್ದು ಕಂಡರೆ ಅವತ್ತು ಅಲ್ಲಿ ಗಾಳ ಬೇಡ.

ಬಂಗುಡೆ_ತುಂಡು
ನಾನು ಬೇರೆ ಮಾತು ಹೇಳ್ತೇನೆ. 300 ಮೀಟರ್ ಯಾಕೆ ಬೇಕು? ನಮ್ಮ ಮರಳು ದಡದಲ್ಲಿ ಕಾಣೆ ಇರುವುದು 20-50 ಮೀಟರಿನ ಮರಳಿನಲ್ಲಿ ಹೂತು. ಸಂಜೆ ಕೊಡ್ಡಾಯಿ ಬರುವುದು ಮೊದಲ ಅಲೆ ಸಾಲಿನ ಹಿಂದಿನ ಗುಂಡಿಗೆ. ಕೆಂಬೇರಿ, ಮುರು ಬೇಕಾದರೆ ಕಲ್ಲಿನ ಬುಡಕ್ಕೆ ಹೋಗಬೇಕು, ಬರೀ ಮರಳಿನಲ್ಲಿ ಕಿಲೋಮೀಟರ್ ಆಚೆ ಬಿಟ್ಟರೂ ಸಿಗುವುದಿಲ್ಲ. ದೂರಕ್ಕೆ ಬಿಟ್ಟರೆ ದೊಡ್ಡ ಮೀನು ಅನ್ನುವುದು ಅರ್ಧ ಸತ್ಯ.

ಪಡುಗಾಳಿ
ಅರ್ಧ ಸತ್ಯ ಅಂತ ನೀವೇ ಒಪ್ಪಿದಿರಿ. ಇನ್ನರ್ಧ: ದೊಡ್ಡ ತೊರಕೆ, ದೊಡ್ಡ ಕೊಕ್ಕರ್ ನೀರಡಿಯ ಎರಡನೇ ಮರಳು ದಿಬ್ಬದ ಆಚೆಯ ಇಳಿಜಾರಿನಲ್ಲಿ ತಿರುಗುವುದು, ಇಳಿತದ ಹೊತ್ತಿಗೆ ಒಳಗೆ ಬರುವುದಿಲ್ಲ. ಅಲ್ಲಿಗೆ ಕೈಬೀಸು ಮುಟ್ಟುವುದಿಲ್ಲ.

ನಕ್ಷೆ_ನೋಡಿ
ತೊರಕೆ ಎಂದಾಗ ಎಚ್ಚರ. ಗಿಟಾರಿನ ಆಕಾರದ ತೊರಕೆಗಳಲ್ಲಿ ಕೆಲವು, ಗರಗಸ ಮೀನು, ಇವೆಲ್ಲ ಸಂರಕ್ಷಿತ. ಗುರುತು ಸಿಗದಿದ್ದರೆ ದಾರ ಗಾಳದ ಹತ್ತಿರಕ್ಕೆ ಕತ್ತರಿಸಿ ನೀರಿನಲ್ಲೇ ಬಿಡಿ.

ಬಂಗುಡೆ_ತುಂಡು
ಒಪ್ಪಿದೆ. ಆದರೂ ಮರವಂತೆಯವರಿಗೆ ನನ್ನ ಸಲಹೆ: ಮೊದಲ ಹಂಗಾಮಿಗೆ ಹೊರೆ ಎತ್ತುವ ಡ್ರೋನೇ ಬೇಡ. ಇಲ್ಲೇ ಸಿಗುವ, ನೋಂದಣಿ ಆಗುವ 250 ಗ್ರಾಂ ಒಳಗಿನ ಕ್ಯಾಮೆರಾ ಡ್ರೋನ್ ಸಾಕು. ಇಳಿತದ ಹೊತ್ತಿಗೆ 30 ಮೀಟರ್ ಮೇಲಿಂದ ನೋಡಿ. ದಿಬ್ಬ ತಿಳಿ ಬಣ್ಣ, ಅಲೆ ಅದರ ಮೇಲೆ ಬಿಳಿ ನೊರೆ ಆಗಿ ಒಡೀತದೆ. ಗುಂಡಿ ಕಡು ಬಣ್ಣ, ಅಲ್ಲಿ ಅಲೆ ಒಡೆಯುವುದಿಲ್ಲ. ನೊರೆ ಸಾಲು ಎಲ್ಲಿ ತುಂಡಾಗಿದೆಯೋ ಅಲ್ಲಿ ನೀರು ಹೊರಗೆ ಹೋಗುವ ಸೆಳವು. ಅದರ ಅಂಚಿಗೆ ಕೈಯಲ್ಲೇ ಬೀಸಿ.

ತಕ್ಕಡಿ
ಇದು ಒಳ್ಳೆಯ ಮಾತು. ಮೇಲಿಂದ ನೋಡಿದ ಮೇಲೆ ಎಷ್ಟೋ ಸಲ 60 ಮೀಟರೇ ಸಾಕಾಗ್ತದೆ. ಆದರೆ ಕೇಳಿದ ಪ್ರಶ್ನೆಗೂ ಉತ್ತರ ಕೊಡೋಣ.

ಬೆಸುಗೆ
ಕ್ಲಿಪ್ ವಿಷಯ. ಎರಡು ಬಗೆ. ಒಂದು ಸರ್ವೋ: 9 ಗ್ರಾಂ ಸಣ್ಣ ಮೋಟರ್ ಒಂದು ಕಡ್ಡಿಯನ್ನು ಹಿಂದಕ್ಕೆ ಎಳೀತದೆ, ರಿಮೋಟಿನ ಒಂದು ಸ್ವಿಚ್ಚಿಗೆ ಜೋಡಿಸಬೇಕು. ಇನ್ನೊಂದು ಎಳೆತದ ಕ್ಲಿಪ್: ಇಷ್ಟು ಗ್ರಾಂ ಎಳೆದರೆ ತಾನೇ ಬಿಡ್ತದೆ, ಕರೆಂಟಿಲ್ಲ, ವೈರಿಲ್ಲ.

ನನ್ನ ಮತ ಎರಡೂ ಒಟ್ಟಿಗೆ, ಸರ್ವೋ ಮೇಲೆ, ಅದರ ಕೆಳಗೆ ಎಳೆತದ ಕ್ಲಿಪ್. ಯಾಕೆಂದರೆ ಸರ್ವೋ ಉಪ್ಪಿಗೆ ಹಿಡಿದುಕೊಳ್ತದೆ, ಆಗ ಗಾಳ ಕಟ್ಟಿಕೊಂಡೇ ಡ್ರೋನ್ ದಡಕ್ಕೆ ಬರಬೇಕಾಗ್ತದೆ. ಎಳೆತದ್ದು ಮಾತ್ರ ಇದ್ದರೆ ಹೊರೆ ಜೋಲಾಡಿದಾಗ ಅಲೆಯ ಮೇಲೇ ಬಿಟ್ಟುಬಿಡಬಹುದು.

ಎಳೆತದ ಕ್ಲಿಪ್ಪಿಗೆ ಎಷ್ಟು ಇಡಬೇಕು? 300 ಗ್ರಾಂ ಹೊರೆ ಜೋಲಾಡುವಾಗ ಕ್ಷಣಕಾಲ 600ರವರೆಗೂ ಹೋಗ್ತದೆ. ಹಾಗಾಗಿ 700ಕ್ಕಿಂತ ಕಡಿಮೆ ಇಟ್ಟರೆ ದಾರಿಯಲ್ಲೇ ಬೀಳ್ತದೆ. ಡ್ರೋನಿನಲ್ಲಿ ಉಳಿದ ನೂಕುಬಲಕ್ಕಿಂತ ಹೆಚ್ಚು ಇಟ್ಟರೆ ಅದು ಬಿಡುವ ಮೊದಲು ಡ್ರೋನೇ ಕೆಳಗೆ. ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ಹತ್ತು ಸಲ ಎಳೆದು ನೋಡಿ, ಹತ್ತೂ ಸಲ 50 ಗ್ರಾಂ ಆಚೀಚೆ ಅಷ್ಟರಲ್ಲೇ ಬಿಡಬೇಕು. ಒಣಗಿದ್ದಾಗ ಒಂದು, ಉಪ್ಪುನೀರು ಹಚ್ಚಿ ಒಂದು ಪರೀಕ್ಷೆ. ಅಂಕಿ ಬೇರೆ ಬರ್ತದೆ.

ಕಾಪು_ಲೈಟ್
ಸರ್ವೋ ಬದಲು ಡ್ರೋನಿನ ಲೈಟ್ ಆನ್ ಮಾಡಿದರೆ ಬಿಡುವ ಕ್ಲಿಪ್ ಬರ್ತದಲ್ಲ, ಅದು?

ಬೆಸುಗೆ
ಅದು ಬೆಳಕಿನ ಸೆನ್ಸರ್ ಇರುವುದು. ಸೆನ್ಸರ್ ಸರಿಯಾಗಿ ಮುಚ್ಚಿರದಿದ್ದರೆ ಮಧ್ಯಾಹ್ನದ ಬಿಸಿಲು ನೀರಿಗೆ ಬಡಿದು ಕೆಳಗಿನಿಂದ ಹೊಡೆದಾಗ ತಾನೇ ಬಿಟ್ಟ ಉದಾಹರಣೆ ಇದೆ. ಕರಿ ಟೇಪಿನಿಂದ ಸೆನ್ಸರ್ ಸುತ್ತ ಮರೆ ಮಾಡಬೇಕು.

ಪಡುಗಾಳಿ
ಇನ್ನು ಹಾರಿಸುವ ಕ್ರಮ. ಕೋಲನ್ನು ಮರಳಿಗೆ ಹೂತ ಪೈಪಿನಲ್ಲಿ ಎತ್ತರಕ್ಕೆ ನಿಲ್ಲಿಸಿ, ರೀಲಿನಲ್ಲಿ ದಾರ ತಡೆಯುವ ತಂತಿ ತೆರೆದಿಡಿ. ಡ್ರೋನ್ ಕೋಲಿನ ಮುಂದೆ ಏಳೆಂಟು ಮೀಟರ್, ಮೂತಿ ಸಮುದ್ರದ ಕಡೆ. ಸೀಸ, ಗಾಳ ಡ್ರೋನಿನ ಅಡಿಯಲ್ಲಿ ಗುಡ್ಡೆ ಹಾಕಬೇಡಿ. ಒಂದು ಟಾರ್ಪಾಲಿನ ಮೇಲೆ ಮುಂದಕ್ಕೆ ಉದ್ದವಾಗಿ ಹಾಸಿಡಿ. ಡ್ರೋನ್ 4 ಮೀಟರ್ ಎತ್ತಿ ನಿಧಾನ ಮುಂದೆ ಹೋದರೆ ಒಂದೊಂದೇ ಎದ್ದು ಬರ್ತದೆ, ರೆಕ್ಕೆಗೆ ತಾಗುವುದಿಲ್ಲ. ಜೋಲಾಟ ನಿಲ್ಲುವವರೆಗೆ ಅಲ್ಲೇ ನಿಲ್ಲಿಸಿ.

ಮೊದಲ ಅಲೆ ಬರುವ ಮೊದಲೇ 20-25 ಮೀಟರ್ ಎತ್ತರ ಹಿಡಿಯಬೇಕು. ವೇಗ ಸೆಕೆಂಡಿಗೆ 5 ಮೀಟರ್, ಅಷ್ಟಾದರೆ ಒಂದು ನಿಮಿಷದಲ್ಲಿ 300 ಮೀಟರ್. ನಿಲ್ಲಿಸಿ, ಅಲೆ ಒಡೆಯದ ಜಾಗ ಆದ್ದರಿಂದ 8-10 ಮೀಟರಿಗೆ ಇಳಿಸಿ. ಆಮೇಲೆ ದಡದಲ್ಲಿರುವವರು ರೀಲಿನ ತಂತಿ ಮುಚ್ಚಬೇಕು, ಡ್ರೋನ್ ಮೆಲ್ಲ ಮುಂದೆ, ದಾರ ಬಿಗಿದು ಕ್ಲಿಪ್ ಬಿಡ್ತದೆ. ತುಂಬ ಎತ್ತರದಿಂದ ಬಿಟ್ಟರೆ ಬೂತಾಯಿಯಂಥ ಮೆದು ಮೀನು ನೀರಿಗೆ ಬಡಿದು ಚಿಂದಿ.

ಬಿಟ್ಟ ತಕ್ಷಣ ಡ್ರೋನ್ ಮೇಲಕ್ಕೆ ಜಿಗೀತದೆ. ತಿರುಗಿಸಬೇಡಿ. 5 ಮೀಟರ್ ಮೇಲೆ ಹೋಗಿ, ಗಾಳಿ ಬರುವ ಕಡೆಗೆ 20 ಮೀಟರ್ ಸರಿದು, ಆಮೇಲೆ ವಾಪಸ್. ದಾರ ಗಾಳಿ ಹೋಗುವ ಕಡೆ ಬಾಗಿರ್ತದೆ, ಅದೇ ಕಡೆಯಿಂದ ಬಂದರೆ ರೆಕ್ಕೆಗೆ ಸುತ್ತುವುದು ಖಂಡಿತ.

ತಕ್ಕಡಿ
ಇಬ್ಬರು ಬೇಕು ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಒಬ್ಬರೇ ರಿಮೋಟ್ ಹಿಡಿದು ರೀಲು ಮುಚ್ಚಲು ಹೋಗುವ ಆ ಐದು ಸೆಕೆಂಡಿನಲ್ಲೇ ಅನಾಹುತ ಆಗುವುದು.

ಆಕ್ಲೆಂಡಿಂದ
ರೀಲಿನ ಬಗ್ಗೆ: ಡೋಲು ತಿರುಗುವ ಬಗೆಯ ಮಲ್ಟಿಪ್ಲೈಯರ್ ಬಳಸುವುದಾದರೆ ಹೆಬ್ಬೆರಳು ಸದಾ ಡೋಲಿನ ಮೇಲಿರಬೇಕು. ಡ್ರೋನ್ ನಿಂತಾಗ ಡೋಲು ನಿಲ್ಲುವುದಿಲ್ಲ, ಬಿಚ್ಚಿದ ದಾರ ಗೂಡು ಕಟ್ತದೆ. ಮತ್ತೆ ಡ್ರೋನ್ ಹೊರಟಾಗ ಆ ಗೂಡು ಸಿಕ್ಕಿ ಹಗ್ಗ ಹಾಕಿದ ಹಾಗೆ ಆಗ್ತದೆ.

ಪಡುಗಾಳಿ
ಅದಕ್ಕೇ ಡೋಲು ತಿರುಗದ ಸ್ಪಿನ್ನಿಂಗ್ ರೀಲೇ ಒಳ್ಳೆಯದು. 8000ದಿಂದ ಮೇಲಿನ ಅಳತೆ, ಪಿಇ 4 ಬ್ರೇಡ್ 500 ಮೀಟರ್.

ಆಕ್ಲೆಂಡಿಂದ
ಸ್ಪಿನ್ನಿಂಗಿನಲ್ಲಿ ಗಾಳಿಗೆ ದಾರ ಸುರುಳಿ ಸುರುಳಿಯಾಗಿ ತಾನೇ ಜಾರ್ತದೆ, ಬೇಕಾದ್ದಕ್ಕಿಂತ ಹೆಚ್ಚು ಹೋಗಿ ಅಲೆ ಮೇಲೆ ಬೀಳ್ತದೆ. ಬೆರಳು ಅಂಚಿಗೆ ತಾಗಿಸಿಕೊಂಡೇ ಇರಬೇಕು. ಎರಡರಲ್ಲೂ ಕೈ ಬೇಕು, ಅಷ್ಟೇ.

ಮರವಂತೆ_ಮರಳು
ಬ್ಯಾಟರಿ ಎಷ್ಟಿದ್ದಾಗ ವಾಪಸ್ ಬರಬೇಕು?

ಪಡುಗಾಳಿ
ನಮ್ಮ ಕಡೆಯ ಗಾಳಿ ತಿಳಿದು ಉತ್ತರ ಹೇಳಬೇಕು. ಬೆಳಗಿನ ಜಾವ ಮೂಡಣದ ಗಾಳಿ, ನೆಲದಿಂದ ಸಮುದ್ರಕ್ಕೆ. ಹೋಗುವಾಗ ಹೊರೆ ಇದ್ದರೂ ಡ್ರೋನ್ ತೇಲಿಕೊಂಡು ಹೋಗ್ತದೆ, ಬ್ಯಾಟರಿ ಇಳಿಯುವುದೇ ಇಲ್ಲ, ಎಲ್ಲ ಸಲೀಸು ಅನ್ನಿಸ್ತದೆ. ವಾಪಸ್ ಬರುವಾಗ ಅಷ್ಟೂ ಗಾಳಿ ಎದುರು. ಮಧ್ಯಾಹ್ನ ಪಡುವಣದ್ದು, ಹೋಗುವಾಗ ಹೊರೆಯೂ ಎದುರುಗಾಳಿಯೂ ಸೇರಿ ಕಷ್ಟ, ಬರುವಾಗ ಗಾಳಿಯೇ ತಂದು ಬಿಡ್ತದೆ. ಮೋಸ ಮಾಡುವುದು ಬೆಳಗಿನ ಗಾಳಿ. ಆ ಹೊತ್ತು 60 ಶೇಕಡಾಕ್ಕಿಂತ ಕಡಿಮೆ ಇದ್ದರೆ ಹೊರಡಲೇ ಬೇಡಿ.

ಮರಳಿನ ಮೇಲೆ ಗಾಳಿ ಇಲ್ಲ ಅಂತ ನಂಬಬೇಡಿ. ತೆಂಗಿನ ತೋಟದ ಮರೆಯಲ್ಲಿ ನಿಂತರೆ ಗೊತ್ತಾಗುವುದಿಲ್ಲ, ಅಲೆ ದಾಟಿದ ಮೇಲೆ ಬೇರೆ. ತೋಟದ ತಲೆಯ ಗರಿ ನೋಡಿ.

ಬೆಸುಗೆ
ಶೇಕಡಾ ಮಾತ್ರ ನೋಡಬೇಡಿ, ವೋಲ್ಟ್ ನೋಡಿ. ಹಾರಾಟ ಬರೀ 4-5 ನಿಮಿಷದ್ದು, ಆದರೆ ಹೊರೆ ಎಳೆಯುವಾಗ ಸೆಲ್ ವೋಲ್ಟೇಜ್ ದಬಕ್ಕನೆ ಬೀಳ್ತದೆ. ಒಂದು ಸೆಲ್ 3.5ಕ್ಕೆ ಇಳಿದರೆ ಗಾಳ ಎಲ್ಲಿದೆಯೋ ಅಲ್ಲೇ ಬಿಟ್ಟು ಬನ್ನಿ. ಮನೆಗೆ ಹೋದ ಮೇಲೆ 3.8ಕ್ಕೆ ತಂದು ಇಡಿ, ಪೂರ್ತಿ ತುಂಬಿಸಿ ವಾರಗಟ್ಟಲೆ ಇಟ್ಟರೆ ಉಬ್ಬಿಕೊಳ್ತದೆ.

ಮುಖ್ಯವಾದ ಸೆಟ್ಟಿಂಗ್ ಮೂರು. ಸಿಗ್ನಲ್ ಹೋದರೆ ಡ್ರೋನ್ ತಾನೇ ವಾಪಸ್ ಬರುವ ಎತ್ತರ: ಆರ್ಡುಪೈಲಟ್‌ನಲ್ಲಿ (ಡ್ರೋನ್ ನಡೆಸುವ ಸಾಫ್ಟ್‌ವೇರ್) ಮೊದಲಿಂದ 15 ಮೀಟರ್ ಇರ್ತದೆ, ಅದನ್ನು 30 ಮಾಡಿ. ಹಳೆಯ ಆವೃತ್ತಿಯಲ್ಲಿ ಸೆಂಟಿಮೀಟರಿನಲ್ಲಿ ಹಾಕಬೇಕು, 3000. ಗಾಳ ಕಟ್ಟಿಕೊಂಡೇ ವಾಪಸ್ ಬಂದರೆ ಅದು ನಿಂತವರ ತಲೆ ಮೇಲೆಯೇ ಬರುವುದು, ಹಾಗಾಗಿ ಹೊರಟ ಜಾಗದಿಂದ ಜನ ದೂರ ಇರಬೇಕು. ಎರಡನೆಯದು, ಹೊಟ್ಟೆ ಕೆಳಗೆ ಸೆನ್ಸರ್ ಇರುವ ಡ್ರೋನ್: ಜೋಲುವ ಸೀಸವನ್ನೇ ನೆಲ ಅಂತ ತಿಳಿದು ಇಳಿಯಲು ಹೋಗ್ತದೆ. ಅಲೆಯ ಹೊಳಪಿಗೆ ಸ್ಥಾನವೂ ತಪ್ತದೆ. ಆಫ್ ಮಾಡಿ. ಮೂರನೆಯದು ದಿಕ್ಸೂಚಿ: ಜೀಪು, ಕಬ್ಬಿಣದ ಗೇಟು, ತಡೆಗೋಡೆಯ ಕಾಂಕ್ರೀಟು ಇವುಗಳ ಹತ್ತಿರ ಕ್ಯಾಲಿಬ್ರೇಟ್ ಮಾಡಬೇಡಿ, ಒಳಗೆ ಸರಳು ಇರ್ತದೆ.

ಆಕ್ಲೆಂಡಿಂದ
ದಿಕ್ಸೂಚಿ ಅಂದಾಗ ನೆನಪಾಯ್ತು. ಇಲ್ಲಿ ಪಶ್ಚಿಮ ದಡ, ಮುರಿವೈ ಕಡೆ ಮರಳು ಕಪ್ಪು, ಕಬ್ಬಿಣದ ಅಂಶದ್ದು. ಮೋಟರಿನ ಆಯಸ್ಕಾಂತಕ್ಕೆ ಮೀಸೆ ಹಾಗೆ ಅಂಟಿಕೊಳ್ತದೆ, ಊದಿದರೆ ಹೋಗುವುದಿಲ್ಲ, ಗಟ್ಟಿ ಅಂಟು ಟೇಪು ಒತ್ತಿ ಒತ್ತಿ ತೆಗೀಬೇಕು. ನೆಲದಿಂದ ನೇರ ಎತ್ತಲೇಬಾರದು, ಮಡಚುವ ಮೇಜಿನ ಮೇಲಿಂದ ಎತ್ತಬೇಕು. ನಿಮ್ಮಲ್ಲೂ ಕಪ್ಪು ಗೆರೆ ಇರುವ ಮರಳಿದ್ದರೆ ಒಂದು ಆಯಸ್ಕಾಂತ ಆಡಿಸಿ ನೋಡಿ.

ಹಿನ್ನೀರು
ಶರಾವತಿ ಹಿನ್ನೀರಿನಲ್ಲಿ ಕಾಟ್ಲಾಕ್ಕೆ ಇದು ಆಗ್ತದಾ? ಹಿಂಡಿ ಉಂಡೆ ಬಿಡಲು.

ತಕ್ಕಡಿ
ಅಲ್ಲಿ ಅಲೆ ಇಲ್ಲವಲ್ಲ, ರಿಮೋಟ್ ದೋಣಿಯೇ ಒಳ್ಳೆಯದು. ಒಂದೇ ಸಲ 2 ಕೆಜಿ ಉಂಡೆ ಹೊರ್ತದೆ, ಬಿದ್ದರೂ ತೇಲ್ತದೆ. ಅಣೆಕಟ್ಟಿನ ಹತ್ತಿರ ಡ್ರೋನ್ ಅಂದರೆ ಮತ್ತೆ ನಕ್ಷೆ, ಅನುಮತಿ.

ಬೆಳಕಿನ_ಗೂಡು
ಗಿಡುಗ, ಗರುಡ, ಬಿಳಿಹೊಟ್ಟೆಯ ಕಡಲ ಹದ್ದು ಬಗ್ಗೆ ಯಾರೂ ಹೇಳಲಿಲ್ಲ. ಮೀನಿನ ತುಂಡು ಜೋಲಾಡ್ತಾ ಹೋಗುವುದು ಕಂಡರೆ ಎರಗ್ತವೆ. ಹಕ್ಕಿಗೂ ಗಾಳ ಚುಚ್ಚುತ್ತದೆ, ಡ್ರೋನೂ ಹೋಗ್ತದೆ. ಸುತ್ತ ತಿರುಗುತ್ತಿದ್ದರೆ ಎತ್ತಲೇಬೇಡಿ. ಹಾರುವಾಗ ಬಂದರೆ ನೇರ ಮೇಲಕ್ಕೆ ಏರಿಸಿ, ಮೇಲೇರುವುದರಲ್ಲಿ ಅವು ನಿಧಾನ.

ಬಂಗುಡೆ_ತುಂಡು
ಮೀನು ಕಟ್ಟುವ ಕ್ರಮವೂ ಇದೆ. ಅಡ್ಡಡ್ಡ ತುಂಡು ಕಟ್ಟಿದರೆ ಗಾಳಿಗೆ ಗಿರಗಿರ ತಿರುಗಿ ತುದಿಯ ನೈಲಾನ್ ಹುರಿ ಆಗ್ತದೆ. ಬಂಗುಡೆಯನ್ನು ಉದ್ದಕ್ಕೆ ಸೀಳಿ, ಬಾಲ ಕತ್ತರಿಸಿ, ಅಗಲದ ಕಡೆ ಮುಂದೆ ಬರುವ ಹಾಗೆ ಕಟ್ಟಿ. ಬೊಂಡಾಸ್ (ಸ್ಕ್ವಿಡ್) ಪಟ್ಟಿ ಮೇಲೆ ಸುತ್ತಿ ತೆಳು ಎಲಾಸ್ಟಿಕ್ ನೂಲಿನಿಂದ 15-20 ಸುತ್ತು ಬಿಗಿದರೆ ಬಿಡುವಾಗ ಕಳಚುವುದಿಲ್ಲ. ಗಾಳದ ಮೊನೆ ಪೂರ್ತಿ ಹೊರಗೆ ಕಾಣಬೇಕು.

ಗಾಳ ಸರ್ಕಲ್ (ಮೊನೆ ಒಳಕ್ಕೆ ಬಾಗಿದ) ಬಗೆಯದ್ದೇ, ಅಳತೆ 6/0 ಅಥವಾ 8/0. 300 ಮೀಟರ್ ದೂರದಲ್ಲಿ ದಾರ ಬಾಗಿರುವಾಗ ಕೋಲು ಎಳೆದು ಚುಚ್ಚಿಸಲು ಆಗುವುದಿಲ್ಲ, ಮೀನು ತಿರುಗಿದಾಗ ತಾನೇ ಬಾಯಿಯ ಮೂಲೆಗೆ ಕೂರಬೇಕು. ಕೋಲು ಬಾಗಿದರೆ ಎಳೆಯಬೇಡಿ, ಸುತ್ತಿ.

ಕಾಪು_ಲೈಟ್
ಉಪ್ಪುನೀರಿಗೆ ಬಿದ್ದರೆ ಉಳಿಸಬಹುದಾ?

ಬೆಸುಗೆ
ವಾಟರ್‌ಪ್ರೂಫ್ ಅಲ್ಲದ್ದು ಬಿದ್ದರೆ ಮೊದಲು ಬ್ಯಾಟರಿ ಕಳಚಿ, ಮನೆಯಿಂದ, ಗಾಡಿಯಿಂದ ದೂರ ಮರಳಿನ ಮೇಲಿಡಿ. ಅದನ್ನು ಮತ್ತೆ ಎಂದಿಗೂ ಚಾರ್ಜ್ ಮಾಡಬೇಡಿ. ಒಳಗೆ ಉಪ್ಪು ಹೋದ ಬ್ಯಾಟರಿ ದಿನ ಕಳೆದ ಮೇಲೂ ಬೆಂಕಿ ಹತ್ತಿಕೊಳ್ಳಬಹುದು. ಉಳಿದ ಬೋರ್ಡುಗಳನ್ನು ಒಣಗಲು ಬಿಡದೆ ಸಿಹಿನೀರಿನಲ್ಲಿ, ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಎರಡು ದಿನ ಒಣಗಿಸಿ. ಅಕ್ಕಿ ಡಬ್ಬದಲ್ಲಿ ಹೂಳುವುದರಿಂದ ಉಪ್ಪು ಹೋಗುವುದಿಲ್ಲ.

ಜೋಡಿಸುವಾಗಲೇ ಬೋರ್ಡುಗಳಿಗೆ ಸಿಲಿಕೋನ್ ಕೋಟಿಂಗ್ ಹಚ್ಚಿ. ಆದರೆ ಎತ್ತರ ಅಳೆಯುವ ಬ್ಯಾರೋಮೀಟರಿನ ಸಣ್ಣ ತೂತಿಗೆ ತಾಗಿಸಬೇಡಿ. ತೂತು ಮುಚ್ಚಿದರೆ ಡ್ರೋನ್‌ಗೆ ತಾನು ಎಷ್ಟು ಎತ್ತರದಲ್ಲಿದ್ದೇನೆ ಎಂದೇ ತಿಳಿಯುವುದಿಲ್ಲ. ಅದರ ಮೇಲೆ ಟೇಪು ಅಂಟಿಸಿ ಹಚ್ಚಿ, ಒಣಗಿದ ಮೇಲೆ ಟೇಪು ತೆಗೆದು ಸ್ಪಂಜಿನ ತುಂಡು ಇಡಿ. ಬೀಳದಿದ್ದರೂ ಪ್ರತಿ ದಿನ ಮುಗಿದ ಮೇಲೆ ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಬೇಕು, ಅಲೆಯ ತುಂತುರು ಕಾಣದೇ ಕೂತಿರ್ತದೆ.

ಮರವಂತೆ_ಮರಳು
ಎಲ್ಲರಿಗೂ ಉಪಕಾರ ಆಯ್ತು. ಈ ವರ್ಷ ಹೀಗೆ ಮಾಡುವುದು: ಸಣ್ಣ ಕ್ಯಾಮೆರಾ ಡ್ರೋನ್ ಯುಐಎನ್ ಮಾಡಿಸಿ ಗುಂಡಿ ನೋಡಿ ಕೈಯಲ್ಲೇ ಬೀಸುವುದು. ಜೊತೆಗೆ 450ರ ಫ್ರೇಮು ಜೋಡಿಸಿ ಬಾಟಲಿ ಪರೀಕ್ಷೆ. ಎಳೆತದ ಕ್ಲಿಪ್ ಈಗಾಗಲೇ ಕೈಯಲ್ಲಿದೆ, ಲಗೇಜ್ ತಕ್ಕಡಿಯಲ್ಲಿ ಒಣಗಿದ್ದಾಗ 720, ಉಪ್ಪುನೀರು ಹಚ್ಚಿದಾಗ 940 ತೋರಿಸ್ತಿದೆ. ಇಷ್ಟು ವ್ಯತ್ಯಾಸ ಸರಿಯಾ?

ಬೆಸುಗೆ
ಜಾಸ್ತಿ ಆಯ್ತು. ಒಳಗಿನ ಸ್ಪ್ರಿಂಗು ಕಬ್ಬಿಣದ್ದಿರಬೇಕು, ಆಯಸ್ಕಾಂತ ಹಿಡಿದು ನೋಡಿ. ಗಟ್ಟಿ ಹಿಡಿದರೆ ಸ್ಟೇನ್‌ಲೆಸ್ ಸ್ಪ್ರಿಂಗ್ ಹಾಕಿ, ಕಡ್ಡಿ ಜಾರುವ ತೂತಿಗೆ ಸಿಲಿಕೋನ್ ಗ್ರೀಸು ಹಚ್ಚಿ. ಒದ್ದೆ ಇದ್ದಾಗಿನ ಅಂಕಿಯೇ ನಿಜವಾದದ್ದು ಅಂತ ಇಟ್ಟುಕೊಂಡು ಅದನ್ನು 750ಕ್ಕೆ ತನ್ನಿ.

ಕೈರಂಪಣಿ
ದಡಕ್ಕೆ ಬರುವ ಹಿಂದಿನ ಸಂಜೆಯೇ ಬಂದು ಕೇಳಿ ಅಣ್ಣ. ಬೆಳಿಗ್ಗೆ ನಾಲ್ಕೂವರೆಗೆಲ್ಲ ನಾವು ನೀರಿನಲ್ಲಿರ್ತೇವೆ.